ಮನೆ ಕೊಟ್ಟೆವು ಎಂಬ ಮಾತು

‘ಅವರಿಗೆ ಬ್ಯಾರೆ ಕಡೆ ಮನಿ ಕಟ್ಟಿಸಿ ಕೊಟ್ಟಿತ್ತು, ಹೋಗಲಿಲ್ಲ. ಮತ್ತ ಹೊಳಿ ದಂಡಿಗೇ ಬಂದು ಕುಂತ್ರು. ಈಗ ಮನಿ ಬಿತ್ತಂತ ಅಳತಾರ.’

ಮಲಪ್ರಭಾ, ಘಟಪ್ರಭಾ, ಕೃಷ್ಣಾ, ಭೀಮಾ ತೀರದ ಯಾವ ಜಿಲ್ಲೆಗೆ ಹೋದರೂ, ನೆರೆಯ ಮಾತು ಬಂದ ಕೂಡಲೇ ಇದು ಕಿವಿಗೆ ಬೀಳುತ್ತದೆ. ಕಚೇರಿಯ ಸಭೆಗಳಲ್ಲಿ ಹೇಳುತ್ತಾರೆ, ಟಿ.ವಿ. ಚರ್ಚೆಗಳಲ್ಲಿ ಹೇಳುತ್ತಾರೆ. ಹಳ್ಳಿಯಲ್ಲೇ ಹುಟ್ಟಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಲ್ಲಿ ನೆಲೆ ನಿಂತ ನನ್ನ ಆಪ್ತರೂ ಹೇಳುತ್ತಾರೆ. ಪರಿಹಾರ ಸಿಗುತ್ತದೆಂಬ ಆಸೆಗೇ ಅವರು ಅಲ್ಲಿ ಕೂತಿದ್ದಾರೆ ಎಂದು ಕೊನೆಗೆ ಸೇರಿಸುವವರೂ ಉಂಟು. ಈ ಮಾತು ಸುಳ್ಳು. ಮನೆ ಕಳೆದುಕೊಂಡ ಕುಟುಂಬ ಮತ್ತೆ ಎದ್ದು ನಿಲ್ಲಲು ಹೆಣಗುವಾಗ ಅದರ ಕಾಲಿಗೆ ಅಡ್ಡ ಬರುವುದು ಇದೇ ಸುಳ್ಳು. ತಪ್ಪೆಲ್ಲ ಸಂತ್ರಸ್ತರದ್ದೇ ಎಂದು ಒಮ್ಮೆ ತೀರ್ಮಾನವಾದರೆ, ಸ್ಥಳಾಂತರ ಏಕೆ ಸೋತಿತು ಎಂದು ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ನಡೆದದ್ದನ್ನು ನೆನೆಯೋಣ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೀರಿಗೆ ಕೊಚ್ಚಿಹೋದವರ ಜೊತೆಗೆ, ನೆನೆದ ಮಣ್ಣಿನ ಗೋಡೆ ಮೈಮೇಲೆ ಬಿದ್ದು ಸತ್ತವರೂ ಬಹಳ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ದೇಣಿಗೆಗಾಗಿ ಪಾದಯಾತ್ರೆ ಮಾಡಿದರು. ‘ಆಸರೆ’ ಯೋಜನೆ ಬಂತು. ಸರ್ಕಾರ ಜಮೀನು ಒದಗಿಸಿತು, ದಾನಿಗಳು ಮನೆ ಕಟ್ಟಿಸಿದರು. ಕೊಟ್ಟವರ ಮನಸ್ಸು ದೊಡ್ಡದು, ಅದರ ಬಗ್ಗೆ ನನಗೆ ತಕರಾರಿಲ್ಲ. ಹೀಗೆ ಎದ್ದ ನವಗ್ರಾಮಗಳಲ್ಲಿ ಕೆಲವು ತುಂಬಿದವು. ಹಲವು ಖಾಲಿ ಬಿದ್ದವು. ಅಂಗಳದಲ್ಲಿ ಜಾಲಿ ಬೆಳೆಯಿತು, ಬಾಗಿಲು ಕಿಟಕಿ ಕಳುವಾದವು. 2019ರ ಆಗಸ್ಟ್‌ನಲ್ಲಿ ಹೊಳೆಗಳು ಮತ್ತೆ ಉಕ್ಕಿ, ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ಪ್ರವಾಹಪೀಡಿತ ಪಟ್ಟಿ ಸೇರಿದಾಗ, ಹತ್ತು ವರ್ಷದ ಹಿಂದೆ ಮುಳುಗಿದ್ದ ಎಷ್ಟೋ ಓಣಿಗಳಲ್ಲಿ ಮತ್ತೆ ನೀರು ನಿಂತಿತು. ಜನರ ಹಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ಆಗ ಕೇಳಿದರು.

ತುಂಬಿದ ನವಗ್ರಾಮಕ್ಕೂ ಖಾಲಿ ಬಿದ್ದದ್ದಕ್ಕೂ ಏನು ವ್ಯತ್ಯಾಸ ಎಂದು ಮಾತ್ರ ಕೇಳಲಿಲ್ಲ. ಎರಡೂ ಕಡೆಯವರು ಒಂದೇ ನೆಲದ, ಒಂದೇ ಬಗೆಯ ಒಕ್ಕಲುತನದ ಜನ. ಹಟವೇ ಕಾರಣವಾಗಿದ್ದರೆ ಎರಡೂ ಖಾಲಿ ಬೀಳಬೇಕಿತ್ತು. ಹೊಲ ಹತ್ತಿರವಿದ್ದ ಕಡೆ, ರಸ್ತೆ ಮತ್ತು ನೀರು ಇದ್ದ ಕಡೆ ಜನ ಹೋಗಿ ನೆಲೆಸಿದ್ದಾರೆ. ಇವು ಇಲ್ಲದ ಕಡೆಯಿಂದ ಮರಳಿದ್ದಾರೆ. ಅಂದರೆ ಅವರು ಒಂದು ಲೆಕ್ಕ ಹಾಕಿದ್ದಾರೆ. ಆ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡಬೇಕು.

ಮಲಪ್ರಭೆಯ ಹೊಳೆಸಾಲಿನ ಒಂದು ಕುಟುಂಬವನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಹೆಸರು ಬೇಡ, ಇಂಥ ಮನೆಗಳು ಪ್ರತಿ ಊರಲ್ಲೂ ಇವೆ. ಒಬ್ಬ ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ಕು ಮೊಮ್ಮಕ್ಕಳು. ಸ್ವಂತದ್ದು ಮೂರೆಕರೆ ಯರಿಹೊಲ, ಲಾವಣಿಗೆ ಮಾಡುವುದು ಇನ್ನೆರಡು ಎಕರೆ. ಜೋಡಿ ಎತ್ತು, ಎರಡು ಎಮ್ಮೆ. ಮನೆ ಅಜ್ಜನ ಕಾಲದ್ದು: ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗಿ. ತಲಬಾಗಿಲು ದಾಟಿದರೆ ಮೊದಲು ದನಗಳ ದಂದಕ್ಕಿ, ಗೋಡೆಗುಂಟ ಗೋದಲಿ. ಅದಕ್ಕಿಂತ ಎತ್ತರದಲ್ಲಿ ಮನುಷ್ಯರ ಪಡಸಾಲಿ. ರಾತ್ರಿ ಎಮ್ಮೆ ಹೊರಳಿದರೂ ಅಜ್ಜಿಗೆ ಗೊತ್ತಾಗುತ್ತದೆ. ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಹಿತ್ತಲಲ್ಲಿ ಕಣಕಿಯ ಬಣವಿ, ಕುಳ್ಳು, ಹತ್ತಿಕಟ್ಟಿಗೆ, ತಿಪ್ಪಿ. ವರ್ಷದ ಜೋಳ ಒಳಗೆ ಚೀಲಗಳಲ್ಲಿ. ಬೀಜದ ಕಾಳು ಬೇರೆ, ಬೇವಿನೆಲೆ ಹಾಕಿ ಕಟ್ಟಿಟ್ಟದ್ದು.

ಇದರಲ್ಲಿ ಯಾವುದು ಮನೆ, ಯಾವುದು ದುಡಿಮೆಯ ಜಾಗ? ಬೇರೆ ಮಾಡಿ ಹೇಳಲು ಬರುವುದಿಲ್ಲ. ಎಮ್ಮೆ ಮನೆಯೊಳಗಿದ್ದರೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವ ಆ ಹಣದಿಂದ ಕಿರಾಣಿ ನಡೆಯುತ್ತದೆ. ತಿಪ್ಪಿ ಹಿತ್ತಲಲ್ಲಿದ್ದರೆ ಗೊಬ್ಬರ ಕೊಳ್ಳುವುದು ಅಷ್ಟು ಕಡಿಮೆ. ಕುಳ್ಳು ಇದ್ದರೆ ಸಿಲಿಂಡರ್ ಇನ್ನೊಂದು ತಿಂಗಳು ಬರುತ್ತದೆ. ಅಜ್ಜಿ ದನ ನೋಡಿಕೊಳ್ಳುವುದರಿಂದ ಸೊಸೆಯರಿಬ್ಬರೂ ಕೂಲಿಗೆ ಹೋಗಬಹುದು, ಮೊಮ್ಮಕ್ಕಳನ್ನು ನೋಡಲು ಬೇರೆ ಯಾರೂ ಬೇಕಿಲ್ಲ. ಹೊಳೆ ಈ ಮನೆಯನ್ನು ಕೆಡವಿದಾಗ ಇವೆಲ್ಲ ಒಟ್ಟಿಗೇ ಕೆಳಗೆ ಬಿದ್ದವು. ಮರಳಿ ಸಿಕ್ಕಿದ್ದು ಮಾತ್ರ ಗೋಡೆ ಮತ್ತು ಚಾವಣಿ.

ಆ ಗೋಡೆ ಚಾವಣಿಯೂ ಎಂಥದ್ದು? ಊರಿಂದ ನಾಲ್ಕು ಕಿಲೋಮೀಟರ್ ಆಚೆ ಮರಡಿಯ ಮೇಲೆ, ಸಾಲಾಗಿ, ಒಂದಕ್ಕೊಂದು ಅಂಟಿಕೊಂಡಂತೆ. ಅಗ್ಗದ ಜಮೀನು ಅಲ್ಲಿ ಸಿಕ್ಕಿದ್ದರಿಂದ ಊರನ್ನು ಅಲ್ಲಿಟ್ಟರು. ಒಂದು ಕೋಣೆ, ಒಂದು ಪಡಸಾಲೆ, ಅಡುಗೆಗೆ ಒಂದು ಮೂಲೆ. ಒಂಬತ್ತು ಜನ ಎಲ್ಲಿ ಮಲಗಬೇಕು? ಅಣ್ಣನ ಸಂಸಾರ ಅಲ್ಲಿಗೆ ಹೋಗಿ ತಮ್ಮನ ಸಂಸಾರ ಇಲ್ಲೇ ಉಳಿದರೆ ಅಜ್ಜಿ ಎಲ್ಲಿರಬೇಕು? ಎಮ್ಮೆ ಕಟ್ಟಲು ಗೋದಲಿ ಎಲ್ಲಿ, ಬಣವಿ ಒಟ್ಟಲು ಜಾಗ ಎಲ್ಲಿ? ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲೇ ಕೊಳವೆಬಾವಿ ಬತ್ತಿದರೆ ದನಗಳಿಗೆ ಏನು ಕುಡಿಸಬೇಕು? ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನಾಲ್ಕು ಕಿಲೋಮೀಟರ್ ಕತ್ತಲಲ್ಲಿ ನಡೆದು ಹೋಗಿ ನೀರು ಹಾಯಿಸಿ ಮತ್ತೆ ಬರಬೇಕು. ಹಳೆಯ ಮನೆಯಿಂದ ಹೊಲ ಕೂಗಳತೆಯಲ್ಲಿತ್ತು. ಬೆಳೆಗೆ ಹಂದಿ ನುಗ್ಗಿದರೆ ಊರೇ ಕೇಳಿಸಿಕೊಳ್ಳುತ್ತಿತ್ತು.

ಭೂಮಿ ಇಲ್ಲದವರ ಕಷ್ಟ ಇನ್ನೂ ದೊಡ್ಡದು, ಅದರ ಮಾತು ಬರುವುದು ಮಾತ್ರ ಕಡಿಮೆ. ಕೂಲಿಯವರಿಗೆ ಕೆಲಸ ಸಿಗುವುದು ಸಂಜೆಯ ಮಸುಕಿನಲ್ಲಿ. ನಾಳೆ ಕಳೆ ತೆಗೆಯಬೇಕು, ಹತ್ತಿ ಬಿಡಿಸಬೇಕು ಎಂದು ಓಣಿಗೆ ಬಂದು ಆಳು ಕರೆಯುತ್ತಾರೆ. ಕರೆಯುವವರ ಓಣಿ ಹೊಳೆಯ ಬಳಿ, ಕರೆಸಿಕೊಳ್ಳಬೇಕಾದವರ ಮನೆ ಮರಡಿಯ ಮೇಲೆ ಎಂದಾದರೆ ಆ ಕೂಲಿ ಇನ್ನೊಬ್ಬರ ಪಾಲಾಗುತ್ತದೆ. ಹೊಲ ಇದ್ದವನು ಮೋಟಾರ್ ಸೈಕಲ್ ಮೇಲೆ ಓಡಾಡಿಯಾನು. ದಿನಗೂಲಿಯ ಹೆಣ್ಣುಮಗಳು ಆಟೋಕ್ಕೆ ಕೊಟ್ಟು ಉಳಿಸುವುದು ಏನು? ಅವಳು ಬೀಗ ಹಾಕಿ ಹಳೆಯ ಓಣಿಗೆ ಬಂದು ತಗಡು ಹೊದಿಸಿಕೊಂಡು ಕೂತರೆ ಅದನ್ನು ದಡ್ಡತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೊಳೆ ಹತ್ತು ವರ್ಷಕ್ಕೊಮ್ಮೆ ಬಂದೀತು. ಹಸಿವು ದಿನಾ ಬರುತ್ತದೆ. ಎರಡರಲ್ಲಿ ಯಾವುದು ಹತ್ತಿರದ ಅಪಾಯ ಎಂಬುದನ್ನು ಅವಳು ಸರಿಯಾಗಿಯೇ ಅಳೆದಿದ್ದಾಳೆ.

ಇನ್ನು ಪರಿಹಾರದ ಆಸೆಯ ಆರೋಪ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಇದೇ, ಆದ್ದರಿಂದ ಅಂಕಿಗಳನ್ನು ಮುಂದಿಟ್ಟೇ ಮಾತಾಡುತ್ತೇನೆ. 2019ರಲ್ಲಿ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ ಇದ್ದದ್ದು 95,100 ರೂಪಾಯಿ. ಬಟ್ಟೆಗೆ 1,800, ಪಾತ್ರೆಗೆ 2,000. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಸತ್ತ ಎಮ್ಮೆಗೆ 30,000. ರಾಜ್ಯ ಸರ್ಕಾರ ಇದರ ಮೇಲೆ ತನ್ನ ಹಣ ಸೇರಿಸಿತು: ತುರ್ತು ನೆರವನ್ನು 10,000ಕ್ಕೆ ಏರಿಸಿತು, ಬೆಳೆಗೆ ಹೆಕ್ಟೇರಿಗೆ 10,000 ಹೆಚ್ಚಿಸಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಅದು ಒಳ್ಳೆಯ ನಿರ್ಧಾರ, ಒಪ್ಪುತ್ತೇನೆ. ಆದರೆ ಅದು ಆ ವರ್ಷದ ಸರ್ಕಾರದ ನಿರ್ಧಾರ. ಕುಟುಂಬ ಕಾನೂನಿನ ಬಲದಿಂದ ಕೇಳಿ ಪಡೆಯಬಹುದಾದ ಹಕ್ಕು ಅದಾಗಿರಲಿಲ್ಲ.

ಆ 5 ಲಕ್ಷ ಯಾರ ಕೈಗೆ, ಹೇಗೆ ಬಂತು ನೋಡಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದ ಮನೆ ಎ ವರ್ಗ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಬಿ. ಅದಕ್ಕೂ ಕಡಿಮೆಯಾದರೆ ಸಿ, ಅದಕ್ಕೆ 50 ಸಾವಿರ. ಸಿಮೆಂಟಿನ ಮನೆಗೆ ಈ ಅಳತೆ ಹೊಂದಬಹುದು. ಮಣ್ಣಿನ ಗೋಡೆಯ ಸ್ವಭಾವ ಬೇರೆ. ನೀರಿನಲ್ಲಿ ನಿಂತಾಗ ಅದು ಬೀಳದೆ ಇರಬಹುದು. ನೀರು ಇಳಿದು ಬಿಸಿಲು ಬಿದ್ದ ಮೇಲೆ ಬುಡ ಸಡಿಲಾಗಿ, ಬಿರಿದು, ದಿನಗಟ್ಟಲೆ ತಡೆದು ಕುಸಿಯುತ್ತದೆ. ಸಮೀಕ್ಷೆಯವರು ಬಂದ ದಿನ ನಿಂತಿದ್ದ ಗೋಡೆ ಸಿ ವರ್ಗಕ್ಕೆ ಸೇರಿತು. ಆಮೇಲೆ ಬಿದ್ದರೆ ಕುಟುಂಬ ಅರ್ಜಿ ಹಿಡಿದು ಪಂಚಾಯಿತಿಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಜಿಲ್ಲೆಗೆ ಅಲೆಯಬೇಕು. ಆ ದಿನಗಳ ಕೂಲಿ ಹೋಯಿತು. ಜೊತೆಗೆ ಇನ್ನೊಂದು ಪ್ರಶ್ನೆ: ಮನೆ ಯಾರ ಹೆಸರಲ್ಲಿದೆ? ಉತಾರದಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರು. ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿ ಆಗಿದೆ, ಕಾಗದದಲ್ಲಿ ಆಗಿಲ್ಲ. ಎರಡು ಒಲೆ, ಎರಡು ಸಂಸಾರ, ಒಂದೇ ಪರಿಹಾರ. ಗಾವಠಾಣದ ಜಾಗದಲ್ಲಿ ಗುಡಿಸಲು ಹಾಕಿದ್ದವರಿಗೆ, ಬಾಡಿಗೆಗೆ ಇದ್ದವರಿಗೆ ಹೆಸರೇ ಇಲ್ಲ. ಲಾವಣಿ ಹೊಲದ ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಬೀಜ ಗೊಬ್ಬರ ಹಾಕಿದವನಿಗೆ ಬರುವುದಿಲ್ಲ.

ಎ ವರ್ಗವೇ ಸಿಕ್ಕಿತು ಎನ್ನಿ. ಹಣ ಕಂತಿನಲ್ಲಿ ಬರುತ್ತದೆ. ಪಾಯ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ ಕಟ್ಟಿ, ಸಿಬ್ಬಂದಿ ಬಂದು ಜಿಪಿಎಸ್ ಫೋಟೊ ತೆಗೆದು, ಅದು ವಸತಿ ನಿಗಮದ ತಂತ್ರಾಂಶಕ್ಕೆ ಏರಿ ಒಪ್ಪಿಗೆಯಾದ ಮೇಲೆ ಮುಂದಿನ ಕಂತು. ಅಕ್ರಮ ತಡೆಯಲು ಈ ಕ್ರಮ ಬೇಕು ಎಂಬುದು ನಿಜ. ಆದರೆ ಮುಂದಿನ ಕಂತು ಬರುವವರೆಗೆ ಕೆಲಸವನ್ನು ತನ್ನ ಹಣದಲ್ಲಿ ನಡೆಸಬೇಕಾದ ಕುಟುಂಬದ ಬಳಿ ಹಣ ಎಲ್ಲಿದೆ? ಬೆಳೆ ಹೋಗಿದೆ, ಜೋಳ ಕೊಳೆತಿದೆ, ಒಂದು ಎಮ್ಮೆ ಸತ್ತಿದೆ. ಯರಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಪಾಯ ಆಳಕ್ಕೆ ಹೋಗಲೇಬೇಕು, ಮೊದಲ ಕಂತು ನೆಲದೊಳಗೇ ಹೂತುಹೋಗುತ್ತದೆ. ಇಡೀ ಊರು ಒಟ್ಟಿಗೇ ಕಟ್ಟಲು ನಿಂತಾಗ ಗೌಂಡಿಯ ಕೂಲಿ ಏರುತ್ತದೆ, ಇಟ್ಟಿಗೆ ಮರಳಿನ ದರ ಏರುತ್ತದೆ. ಆಗ ಸೊಸೆ ಸಂಘದಲ್ಲಿ ಸಾಲ ಎತ್ತುತ್ತಾಳೆ, ಅದು ಸಾಲದೆ ಮೈಕ್ರೊಫೈನಾನ್ಸಿಗೆ ಸಹಿ ಹಾಕುತ್ತಾಳೆ. ವಾರದ ಕಂತು ತಗಡಿನ ಶೆಡ್ಡಿನ ಬಾಗಿಲಿಗೂ ತಪ್ಪದೆ ಬರುತ್ತದೆ. ಈ ಸಾಲಗಳ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇಷ್ಟೆಲ್ಲ ಅನುಭವಿಸಲಿಕ್ಕೆಂದೇ ಯಾರಾದರೂ ಹೊಳೆಯ ದಂಡೆಯಲ್ಲಿ ಕಾದು ಕೂರುತ್ತಾರೆಯೇ? ಆರೋಪ ಮಾಡುವವರು ಒಂದು ಕುಟುಂಬದ ಗಳಿಕೆ ನಷ್ಟಗಳನ್ನು ಕಾಗದದ ಮೇಲೆ ಬರೆದು ತೋರಿಸಲಿ. ಸುಳ್ಳು ಹೆಸರು ಬರೆಸಿ ಹಣ ಹೊಡೆದವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಮನೆ ಬೀಳದವರು ಪಟ್ಟಿಗೆ ಸೇರಿದ ದೂರುಗಳು ಬಂದಿವೆ, ತನಿಖೆ ಆಗಬೇಕು. ಆದರೆ ಹಾಗೆ ಹೆಸರು ಸೇರಿಸಲು ಕಚೇರಿಯ ಒಳಗೆ ಕೈ ಇರಬೇಕು. ಅಂಥ ಕೈ ಇಲ್ಲದವಳೇ ತಗಡಿನ ಕೆಳಗೆ ಕೂತಿದ್ದಾಳೆ.

ಈಗ ಎದುರಾಳಿಗಳ ಗಟ್ಟಿಯಾದ ವಾದಕ್ಕೆ ಬರುತ್ತೇನೆ. ಹೊಳೆಯ ಪಾತ್ರದ ಪಕ್ಕದಲ್ಲಿ ಊರು ಇರುವುದು ಅಪಾಯ, ಜೀವ ಹೋಗುತ್ತದೆ, ಪ್ರತಿ ಸಲ ಸಾರ್ವಜನಿಕ ಹಣ ಸುರಿಯುವುದಕ್ಕಿಂತ ಕಟ್ಟುನಿಟ್ಟಾಗಿ ಎಬ್ಬಿಸುವುದೇ ಒಳ್ಳೆಯದು ಎನ್ನುತ್ತಾರೆ. ಅಪಾಯ ನಿಜ. ಸ್ಥಳಾಂತರ ಬೇಕಾದ ಊರುಗಳು ಇವೆ, ಹೋಗಲು ಸಿದ್ಧರಿರುವ ಜನವೂ ಇದ್ದಾರೆ. ಆದರೆ ಅಪಾಯದ ಹೊಣೆಯನ್ನು ಊರಿನ ಮೇಲಷ್ಟೇ ಹೊರಿಸುವುದು ಅನ್ಯಾಯ. ಮಲಪ್ರಭೆ ಎಷ್ಟೋ ವರ್ಷ ನೀರಿಲ್ಲದೆ ಒಣಗಿತ್ತು. ನವಿಲುತೀರ್ಥದ ಜಲಾಶಯ ತುಂಬದ ವರ್ಷಗಳೇ ಹೆಚ್ಚಾಗಿದ್ದವು. ಆ ವರ್ಷಗಳಲ್ಲಿ ಹೊಳೆಯ ಪಾತ್ರ ಒತ್ತುವರಿಯಾಯಿತು, ಜಾಲಿ ಬೆಳೆದು, ಹೂಳು ತುಂಬಿ ಕಿರಿದಾಯಿತು. ಕಳಸಾ-ಬಂಡೂರಿ ತಿರುವಿ ಮಲಪ್ರಭೆಗೆ ನೀರು ತನ್ನಿ ಎಂದು ನರಗುಂದದಲ್ಲಿ ರೈತರು ಧರಣಿ ಕೂತದ್ದು 2015ರ ಜುಲೈನಲ್ಲಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ತಾಲ್ಲೂಕಿನ ಕೊಣ್ಣೂರಿನೊಳಗೆ ಅದೇ ಮಲಪ್ರಭೆ ನುಗ್ಗಿತು. ಜಲಾಶಯ ಕೆಲವೇ ದಿನಗಳಲ್ಲಿ ತುಂಬಿತು, ಬಿಟ್ಟ ನೀರಿಗೆ ಹಳೆಯ ಅಗಲದ ದಾರಿ ಉಳಿದಿರಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತದ್ದನ್ನು ನಾಡೆಲ್ಲ ನೋಡಿತು. ಹೊಳೆಯ ಪಾತ್ರ ಕಾಯುವುದು, ಅಣೆಕಟ್ಟೆಯಿಂದ ನೀರು ಯಾವಾಗ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ದಂಡೆಯ ಮೇಲಿನ ಅಜ್ಜಿಯ ಕೆಲಸವಲ್ಲ.

ಮತ್ತೆ, ಊರು ಎಬ್ಬಿಸುವುದು ಹೇಗೆಂದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲವೆಂದೇನೂ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆ ಮುಳುಗುವುದೆಂದಾಗ ನವನಗರ ಕಟ್ಟಿದರು. ಅದಕ್ಕೆಂದೇ ಒಂದು ಪ್ರಾಧಿಕಾರ ಮಾಡಿದರು, ಸೆಕ್ಟರುಗಳನ್ನು ಹಾಕಿದರು, ಜಿಲ್ಲಾ ಕಚೇರಿಗಳನ್ನೇ ಅಲ್ಲಿಗೆ ಒಯ್ದರು. ಮುಳುಗಡೆಯ ಸಂಕಟ ಆ ಜನರಿಗೂ ತೀರಲಿಲ್ಲ, ಪರಿಹಾರಕ್ಕಾಗಿ ಕೋರ್ಟು ಕಚೇರಿ ಅಲೆದವರು ಇಂದಿಗೂ ಇದ್ದಾರೆ. ಆದರೂ ಒಂದು ಊರಿಗೆ ಏನೇನು ಬೇಕು ಎಂಬ ಯೋಚನೆ ಅಲ್ಲಿ ನಡೆಯಿತು. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ ಈ ಯೋಚನೆಯನ್ನು ಕಾನೂನಾಗಿಯೇ ಬರೆದಿಟ್ಟಿದೆ. ಯೋಜನೆಗಾಗಿ ಎಬ್ಬಿಸಿದ ಜನರ ಹೊಸ ಊರಿನಲ್ಲಿ ಏನಿರಬೇಕೆಂದು ಅದರ ಮೂರನೆಯ ಅನುಸೂಚಿ ಹೇಳುತ್ತದೆ: ರಸ್ತೆ, ಚರಂಡಿ, ಕುಡಿಯುವ ನೀರು, ದನಗಳಿಗೆ ಕುಡಿಯುವ ನೀರು, ಗೋಮಾಳ, ನ್ಯಾಯಬೆಲೆ ಅಂಗಡಿ, ಬೀಜ ಗೊಬ್ಬರದ ಉಗ್ರಾಣ, ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರ, ಗುಡಿ, ಸ್ಮಶಾನ. ದನ ಇದ್ದ ಕುಟುಂಬಕ್ಕೆ ಕೊಟ್ಟಿಗೆಗೆಂದು ಕನಿಷ್ಠ 25,000 ರೂಪಾಯಿ, ಒಂದು ವರ್ಷ ತಿಂಗಳಿಗೆ 3,000 ಜೀವನ ನಿರ್ವಹಣೆಗೆ ಎಂದು ಎರಡನೆಯ ಅನುಸೂಚಿ ಹೇಳುತ್ತದೆ. ಕೊಟ್ಟಿಗೆಯೂ ಗೋಮಾಳವೂ ಪುನರ್ವಸತಿಯ ಭಾಗ ಎಂದು ಸಂಸತ್ತೇ ಒಪ್ಪಿದೆ.

ಈ ಕಾಯ್ದೆ ಹೊಳೆಗೆ ಮನೆ ಕಳೆದುಕೊಂಡವರಿಗೆ ಅನ್ವಯಿಸುವುದಿಲ್ಲ. ಸರ್ಕಾರ ತನ್ನ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಸಿದರೆ ಕುಟುಂಬಕ್ಕೆ ಗೋಮಾಳದ ಹಕ್ಕು ಇದೆ. ಅದೇ ಕುಟುಂಬ ಅಣೆಕಟ್ಟೆಯ ಕೆಳಗಿದ್ದು, ಬಿಟ್ಟ ನೀರಿನಲ್ಲಿ ಮುಳುಗಿದರೆ ಅದಕ್ಕೆ ಸಿಗುವುದು ಆ ಹೊತ್ತಿನ ಸರ್ಕಾರದ ಕರುಣೆ. ಈ ಅಂತರವನ್ನು ಮುಚ್ಚಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ನೆರೆಯ ಸ್ಥಳಾಂತರಕ್ಕೂ ಇದೇ ಪಟ್ಟಿಯೇ ಅಳತೆಗೋಲು ಎಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಬಹುದು. ಜಾಗ ಆರಿಸುವಾಗ ಜಮೀನಿನ ದರದ ಜೊತೆಗೆ ಹೊಲಕ್ಕೆ ಎಷ್ಟು ದೂರ ಎಂಬುದನ್ನೂ ಬರೆದುಕೊಳ್ಳಬಹುದು. ನಿವೇಶನದಲ್ಲಿ ಗೋದಲಿಗೆ, ಬಣವಿಗೆ ಜಾಗ ಬಿಟ್ಟು ಅಳೆಯಬಹುದು. ಒಲೆ ಬೇರೆಯಾದ ಸಂಸಾರವನ್ನು ಬೇರೆ ಕುಟುಂಬವೆಂದೇ ಎಣಿಸಿ, ಹಕ್ಕುಪತ್ರವನ್ನು ಗಂಡಹೆಂಡಿರಿಬ್ಬರ ಹೆಸರಲ್ಲಿ ಕೊಡಬಹುದು. ಮಣ್ಣಿನ ಮನೆಗಳಿಗೆ ನೀರಿಳಿದ ಒಂದು ತಿಂಗಳ ನಂತರ ಎರಡನೆಯ ಸಮೀಕ್ಷೆ ಕಡ್ಡಾಯ ಮಾಡಬಹುದು. ಮೊದಲ ಕಂತನ್ನು ಯರಿ ನೆಲದ ಖರ್ಚು ನೋಡಿ ಕೊಡಬಹುದು.

ಎಲ್ಲಕ್ಕಿಂತ ಮೊದಲು, ಮಾಡಲು ಸುಲಭವಾದ ಒಂದು ಕೆಲಸವಿದೆ. ಜಿಲ್ಲಾಡಳಿತಗಳು ಖಾಲಿ ಬಿದ್ದ ನವಗ್ರಾಮಗಳ ಮನೆಗಳನ್ನು ಹಂಚಿದ ಪಟ್ಟಿ ಹಿಡಿದು, ಆ ಕುಟುಂಬಗಳು ಈಗ ಎಲ್ಲಿವೆ ಎಂದು ಹುಡುಕಲಿ. ಏಕೆ ಮರಳಿದಿರಿ ಎಂದು ಅವರ ಬಾಯಿಂದಲೇ ಕೇಳಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಲಿ. ಹೆಣ್ಣುಮಕ್ಕಳ ಉತ್ತರವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಲಿ, ನೀರು ಹೊತ್ತವರು, ದನ ಕಟ್ಟಿದವರು, ಕೂಲಿ ಕಳೆದುಕೊಂಡವರು ಅವರೇ. ಸುಗ್ಗಿ ಮುಗಿದು ಮುಂಗಾರು ಬರುವವರೆಗೆ ಇದಕ್ಕೆ ಸಮಯ ಸಾಕಷ್ಟಿದೆ. ಆ ಉತ್ತರಗಳು ಕಡತಕ್ಕೆ ಸೇರುವ ತನಕ, ಕೊಟ್ಟ ಮನೆಗೆ ಹೋಗಲಿಲ್ಲ ಎಂದು ಯಾವ ಸಭೆಯಲ್ಲೂ ಯಾವ ಅಧಿಕಾರಿಯೂ, ಯಾವ ಜನಪ್ರತಿನಿಧಿಯೂ ಹೇಳಬಾರದು.